ಶೇಕಡಾ

ಪ್ರತಿ ಜೂನಿನಲ್ಲೂ ಹೆಡ್ಮಾಸ್ತರರ ಫೋನು:
‘ಬಾಬಾಜಾನ್, ಬ್ರಶ್ಶು ತಗೊಂಡು ಬಾರಯ್ಯ.’

ಲಿಂಗರಾಜಪುರ, ಹಳಿಯ ಪಕ್ಕದ ಸರ್ಕಾರಿ ಪ್ರೌಢಶಾಲೆ.
ಗೇಟಿನ ಎಡಕ್ಕೆ ಮೂರಡಿ ಹಳದಿ ಚೌಕ,
ಅದರೊಳಗೆ ಹತ್ತನೇ ತರಗತಿಯ ಫಲಿತಾಂಶ
ನನ್ನ ಕೈಬರಹದಲ್ಲಿ.
ಊರನ್ನೆಲ್ಲ ಫ್ಲೆಕ್ಸು ನುಂಗಿದ ಮೇಲೂ
ಇದೊಂದು ಚೌಕ ನನಗೆ ಉಳಿದಿದೆ,
ಫ್ಲೆಕ್ಸಿಗೆ ಇವರ ಹತ್ತಿರ ಅನುದಾನವಿಲ್ಲ.
ನನ್ನ ಕನ್ನಡ ಬಾಯಲ್ಲಿ ಎಡವುತ್ತದೆ, ಕೈಯಲ್ಲಲ್ಲ.
‘ಪ್ರೌಢ’ದ ಢಕ್ಕೆ ಹೊಟ್ಟೆ ಸೀಳುವುದನ್ನು
ಒಂದು ವರ್ಷವೂ ಮರೆತವನಲ್ಲ.

ಹಳೆ ಅಂಕಿಯ ಮೇಲೆ ಹಳದಿ ಬಳಿದು ಹೊಸ ಅಂಕಿ.
ಅರವತ್ತೆರಡು. ಎಪ್ಪತ್ತೊಂದು.
ಒಮ್ಮೆ ಎಂಬತ್ತೆಂಟು, ಅವತ್ತು ಚಹಾದ ಜೊತೆ ಬನ್ನೂ ಬಂತು.
ಮರುವರ್ಷ ನಲವತ್ತೊಂಬತ್ತು.
‘ಸ್ವಲ್ಪ ಚಿಕ್ಕದಾಗಿ ಬರಿ’ ಅಂದರು, ಚಿಕ್ಕದಾಗಿ ಬರೆದೆ.
ಕೊನೆಗೆ ಶೇಕಡಾ ಚಿಹ್ನೆ:
ಎರಡು ಸೊನ್ನೆ, ನಡುವೆ ಓರೆಗೆರೆ.
ಪಾಸಾದವರು ಗೆರೆಯ ಮೇಲೆ, ಮಿಕ್ಕವರು ಕೆಳಗೆ,
ಅಂದುಕೊಳ್ಳುತ್ತಿದ್ದೆ ನನ್ನಷ್ಟಕ್ಕೆ.
ಬೇರೆಯವರ ಮಕ್ಕಳು. ಕೈ ನಡುಗುತ್ತಿರಲಿಲ್ಲ.

ಈ ವರ್ಷ ಮುಬೀನಾ ಎಂಟನೆಯದಕ್ಕೆ.
ಕಾನ್ವೆಂಟಿಗೆ ಎರಡು ಕಂತು ಬಾಕಿ ಇತ್ತು;
ಅವಳಮ್ಮ ಕಾಲ್ಗೆಜ್ಜೆ ಅಡವಿಟ್ಟು ಟೀಸಿ ಬಿಡಿಸಿ ತಂದಳು.
ತಂದವಳು ಕೇಳಿದಳು:
‘ಇಪ್ಪತ್ತು ವರ್ಷ ಆ ಗೋಡೆ ಬರೆದಿದ್ದೀರಲ್ಲ,
ಒಳಗೆ ಹೇಗಿದೆ ಹೇಳಿ.’

ನಾನು ಸುಮ್ಮನೆ ಕೂತೆ.
ಗೋಡೆಯ ಹೊರಮೈ ಬಿಟ್ಟು ನನಗೇನು ಗೊತ್ತು?

ಹಾಗಾಗಿ ಇವತ್ತು ಬ್ರಶ್ಶು ತೊಳೆಯುವ ನೆಪ.
ಮೊದಲ ನಲ್ಲಿ ಬುಸ್ ಅಂದಿತು, ಎರಡನೆಯದರಲ್ಲಿ ನೀರಿತ್ತು.
ಅಡುಗೆಯ ಸಲೋಮಿ ಅನ್ನ ಬಸಿಯುತ್ತಿದ್ದಳು.
ಹೆಣ್ಣುಮಕ್ಕಳ ಕಡೆ ನಾನು ಹೋಗುವ ಹಾಗಿಲ್ಲ, ಅವಳನ್ನೇ ಕೇಳಿದೆ:
ಬಾಗಿಲಿಗೆ ಚಿಲಕ ಇದೆಯಾ?
‘ಇತ್ತು. ಈಗ ನಾನೇ ತಂತಿ ಸುತ್ತಿದೀನಿ.’
ಗಣಿತದ ಮೇಷ್ಟ್ರು?
‘ಡಿಸೆಂಬರಿಂದ ಇಲ್ಲ’ ಅಂದು ಗಂಜಿಯ ಹಬೆಯೊಳಗೆ ಮುಖ ಒರೆಸಿಕೊಂಡಳು.

ಮಹಡಿಯಲ್ಲಿ ವಿಜ್ಞಾನದ ವಾರಿಜಾ ಮೇಡಂ ಗಣಿತ ಮಾಡುತ್ತಿದ್ದರು.
ನಡುವೆ ಗೂಡ್ಸು ಬಂತು. ಕಿಟಕಿ, ಹಲಗೆ,
ನನ್ನ ಡಬ್ಬಿಯ ಬಣ್ಣ, ಎಲ್ಲ ನಡುಗಿತು.
ಅವರು ಸೀಮೆಸುಣ್ಣ ಎತ್ತಿ ಹಿಡಿದೇ ನಿಂತರು,
ಮಕ್ಕಳು ಕಿಟಕಿಯತ್ತ ತಿರುಗಿ ಬೋಗಿ ಎಣಿಸಿದರು.
‘ನಲವತ್ತೆರಡು!’ ‘ಮೂರು ಮಿಸ್, ನಲವತ್ಮೂರು!’
‘ಇಬ್ಬರೂ ಬರೆದಿಟ್ಟುಕೊಳ್ಳಿ,
ಸಂಜೆ ಅದೇ ಗಾಡಿ ವಾಪಸು ಬರತ್ತೆ’ ಅಂದು
ನಿಂತ ಲೆಕ್ಕಕ್ಕೆ ಮರಳಿದರು.

ಇಳಿಯುವಾಗ ಮೆಟ್ಟಿಲ ಕೆಳಗಿನ ಹಳೆ ಉಗ್ರಾಣ,
ಮುರಿದ ಬೆಂಚುಗಳ ನಡುವೆ ದೊಡ್ಡ ಹುಡುಗ ಹುಡುಗಿಯರು,
ಯೂನಿಫಾರಂ ಇಲ್ಲ.
ಒಬ್ಬನ ಅಂಗಿಗೆ ಗ್ಯಾರೇಜಿನ ಗ್ರೀಸು.
‘ಯಾರಪ್ಪ ನೀವು?’
‘ಫೇಲು, ಅಂಕಲ್. ಮರುಪರೀಕ್ಷೆಗೆ.
ಮಿಸ್ಸು ನಮ್ಮ ಓನರ್‌ಗೇ ಫೋನ್ ಹಾಕಿ ಕರೆಸಿದ್ರು.’
ಎಣಿಸಿದೆ, ಬೋಗಿಗಳ ಹಾಗೆ.
ಇಪ್ಪತ್ತೊಂಬತ್ತು ಇರಬೇಕಿತ್ತು, ಹದಿನೇಳು ಇದ್ದರು.

ಚೀಟಿಯಲ್ಲಿದ್ದದ್ದು ೬೭.೪. ಬರೆದೆ.
ಕೆಳಗಿನ ಸೊನ್ನೆಗೆ ಬಂದಾಗ ಬಣ್ಣ ಇಳಿಯಿತು,
ತೆಳ್ಳಗೆ, ನೆಲದ ತನಕ.
ಹೆಡ್ಮಾಸ್ತರರು ನೋಡಿದರು, ಏನೂ ಅನ್ನಲಿಲ್ಲ.
ಒರೆಸಿದೆ. ಕಲೆ ಉಳಿಯಿತು.

ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ:
ಮೇಷ್ಟ್ರಿಲ್ಲ, ನೀರು ಒಂದೇ ನಲ್ಲಿಯಲ್ಲಿ,
ಗಾಡಿ, ಉಗ್ರಾಣ, ಹದಿನೇಳು.
ಅವಳು ರೊಟ್ಟಿ ತಿರುವಿ ಹಾಕುತ್ತ ಕೇಳಿದ್ದು ಒಂದೇ:
‘ಚಿಲಕಕ್ಕೆ ತಂತಿ ಅಂದ್ರಾ?’

ಹೌದು.

‘ನಾಳೆ ಒಂದು ಚಿಲಕ ತಗೊಂಡು ಹೋಗಿ. ಸ್ಕ್ರೂ ಮರೀಬೇಡಿ.
ಬರುವಾಗ ಅರ್ಜಿ ತನ್ನಿ.’